ಅರ ಕೊನೆಗಿರಲಿ

ಬನ್ನಿ ರಾಯರೇ, ಇಲ್ಲೇ ಬೇಲಿ ಹತ್ತಿರ ನಿಂತು ಮಾತಾಡೋಣ. ನಿಮ್ಮ ಕೋಲ್ಟ್ ನೇವಿ ರಿವಾಲ್ವರ್ ಬಂತಂತೆ. 1851ರ ಮಾದರಿ, ಇಟಲಿಯವರು ಈಗ ಮಾಡಿದ್ದು. ಕುದುರೆ ಎಳೆದರೆ ಕರಕರ ಅನ್ನುತ್ತೆ, ಸ್ಪ್ರಿಂಗನ್ನು ಒಂದಿಷ್ಟು ಅರದಿಂದ ಉಜ್ಜಿ ಹಗುರ ಮಾಡಲೇ ಅಂತ ಕೇಳಿದಿರಲ್ಲ, ಅದೊಂದು ಮಾತ್ರ ಬೇಡ. ಹಗುರವಾಗೋದು ಬೇರೆ, ಹೊಂದಿಕೊಳ್ಳೋದು ಬೇರೆ. ಕೇಪಿನ ರಿವಾಲ್ವರಿಗೆ ಬೇಕಾದದ್ದು ಹೊಂದಿಕೆ.

ಮೊದಲು ಸಿಲಿಂಡರಿನ ಆರೂ ಮನೆ ಖಾಲಿ ಇದೆಯೇ, ಅವುಗಳ ಹಿಂದಿನ ನಿಪ್ಪಲ್ ಮೇಲೆ ಮದ್ದಿಗೆ ಕಿಡಿ ಕೊಡುವ ಕೇಪು ಉಳಿದಿದೆಯೇ ನೋಡಿ. ನೋಡಿದ್ದನ್ನೇ ಇನ್ನೊಮ್ಮೆ ನೋಡಿ. ಒಳಗಿರೋದು ಬೆರಳೆಣಿಕೆಯ ಭಾಗಗಳು: ಕುದುರೆ, ಟ್ರಿಗರ್, ಸಿಲಿಂಡರನ್ನು ತಳ್ಳಿ ತಿರುಗಿಸುವ ಹ್ಯಾಂಡ್, ತಿರುಗಿದ್ದನ್ನು ಕೆಳಗಿನಿಂದ ಎದ್ದು ಹಿಡಿಯುವ ಬೋಲ್ಟು, ಸ್ಪ್ರಿಂಗುಗಳು. ಇಷ್ಟೂ ತಂತಮ್ಮ ಹೊತ್ತಿಗೆ ಕೆಲಸ ಮಾಡಬೇಕು, ಅಷ್ಟೇ.

ಈಗ ಕುದುರೆಯನ್ನು ತೀರಾ ನಿಧಾನವಾಗಿ ಎಳೀರಿ. ಮೊದಲು ಬೋಲ್ಟು ಸಿಲಿಂಡರಿನ ಕಚ್ಚು ಬಿಟ್ಟು ಕೆಳಗಿಳೀಬೇಕು, ಆಮೇಲೆ ಸಿಲಿಂಡರ್ ತಿರುಗಬೇಕು. ಅರ್ಧಕ್ಕೆ ನಿಲ್ಲಿಸಿದಾಗ ಸಿಲಿಂಡರ್ ಕೈಗೆ ಸಲೀಸಾಗಿ ತಿರುಗಬೇಕು. ಮದ್ದು ತುಂಬೋದು ಆಗಲೇ. ಅಲ್ಲಿಂದ ಇನ್ನೂ ಹಿಂದಕ್ಕೆ ಎಳೆದಾಗ, ಮುಂದಿನ ಕಚ್ಚು ಬರೋಕೆ ತುಸು ಮುಂಚೆ ಬೋಲ್ಟು ಎದ್ದು, ಕಚ್ಚಿನ ಮುಂದಿರುವ ಇಳಿಜಾರಿನಲ್ಲಿ ಜಾರಿ ಒಳಗೆ ಕೂರಬೇಕು. ಅದು ಕೂತ ಹೊತ್ತಿಗೇ ಕುದುರೆಯೂ ಪೂರ್ತಿ ಹಿಂದೆ ನಿಲ್ಲಬೇಕು. ಒಂದು ಮನೆಯಲ್ಲಿ ಸರಿ ಕಂಡಿತು ಅಂತ ಬಿಡಬೇಡಿ, ಆರಕ್ಕೂ ನೋಡಿ. ಇನ್ನೊಂದು ಕೈಯ ಬೆರಳನ್ನು ಸಿಲಿಂಡರಿಗೆ ಮೆತ್ತಗೆ ಒತ್ತಿ ಹಿಡಿದರೆ ಸಣ್ಣ ಸೋಮಾರಿತನವೂ ಗೊತ್ತಾಗುತ್ತೆ.

ಸಿಲಿಂಡರಿನ ಸುತ್ತ ಉಂಗುರದ ಹಾಗೆ ಗೀರು ಬಿದ್ದಿದ್ದರೆ ಬೋಲ್ಟು ಬೇಗ ಏಳ್ತಿದೆ. ತಡವಾಗಿ ಎದ್ದರೆ ಸಿಲಿಂಡರ್ ಕಚ್ಚು ದಾಟಿ ಹೋಗುತ್ತೆ. ಕುದುರೆ ನಿಂತರೂ ಬೋಲ್ಟು ಕೂರಲಿಲ್ಲ ಅಂದರೆ ಹ್ಯಾಂಡ್ ಗಿಡ್ಡವಾಗಿದೆ. ಮನೆಯೂ ನಳಿಗೆಯೂ ನೇರಕ್ಕೆ ಬರೋದಿಲ್ಲ, ಸೀಸದ ಗುಂಡು ಅಂಚಿಗೆ ತಾಗಿ ಕೆತ್ತಿಹೋಗುತ್ತೆ. ಬೋಲ್ಟು ಕೂತ ಮೇಲೂ ಕುದುರೆ ಹಿಂದೆ ಬರೋಕೆ ಹೆಣಗಿದರೆ ಹ್ಯಾಂಡ್ ಉದ್ದವಾಗಿದೆ. ಈ ಗುರುತುಗಳನ್ನು ಓದದೆ ಅರ ಹಿಡಿಯೋದು ನಾಡಿ ನೋಡದೆ ಮದ್ದು ಕೊಟ್ಟ ಹಾಗೆ.

ಸ್ಪ್ರಿಂಗಿನ ಮಾತಿಗೆ ಬರ್ತೀನಿ. ಕೇಪು ಸಿಡಿದು ಮದ್ದು ಹೊತ್ತಿದಾಗ ನಿಪ್ಪಲ್ಲಿನ ತೂತಿನಿಂದ ಹೊಗೆ ಹಿಂದಕ್ಕೂ ನುಗ್ಗುತ್ತೆ. ಸ್ಪ್ರಿಂಗಿನಲ್ಲಿ ಬಲ ಇದ್ದರೆ ಕುದುರೆ ಕೇಪನ್ನು ಒತ್ತಿ ಹಿಡಿದಿರುತ್ತೆ. ಸ್ಪ್ರಿಂಗ್ ಸೊರಗಿದರೆ ಕುದುರೆ ಎಗರಿ, ಒಡೆದ ಕೇಪಿನ ಚೂರು ಒಳಗೆ ಬಿದ್ದು ಯಂತ್ರವೇ ಕಚ್ಚಿಕೊಳ್ಳುತ್ತೆ. ಇಲ್ಲೇ ಇಂಡಿಯಾನಾದ ಫ್ರೆಂಡ್‌ಶಿಪ್ ಊರಲ್ಲಿ, ಬಾಯಿಂದ ಮದ್ದು ತುಂಬುವ ಕೋವಿಯವರು 1933ರಲ್ಲಿ ಕಟ್ಟಿಕೊಂಡ ಸಂಘದ ಮೈದಾನ ಇದೆಯಲ್ಲ, ಈ ಚೂರನ್ನು ಹೇಗೆ ನಿಭಾಯಿಸ್ತಾರೆ ಅಂತ ಅಲ್ಲಿಗೊಮ್ಮೆ ಹೋಗಿ ನೋಡಿ ಬನ್ನಿ. ಕೇಪಿನ ರಿವಾಲ್ವರಿನಲ್ಲಿ ಪಳಗಿದವರು ಪ್ರತಿ ಗುಂಡಾದ ಮೇಲೂ ಮೂತಿ ಮೇಲೆತ್ತಿ ಕುದುರೆ ಎಳೀತಾರೆ. ಚೂರು ಹೊರಗೆ ಬೀಳಲಿ ಅಂತ.

ಅರಕ್ಕೆ ಜಾಗವೇ ಇಲ್ಲ ಅಂತಲ್ಲ. ಹಾರ್ಟ್‌ಫರ್ಡಿನ ಕೋಲ್ಟ್ ಕಾರ್ಖಾನೆಯಲ್ಲಿ ಭಾಗಗಳನ್ನು ಯಂತ್ರವೇ ಕಡೀತಿತ್ತು. ಆದರೂ ಕೊನೆಗೆ ಕೆಲಸಗಾರರು ಕೂತು, ಉಕ್ಕು ಇನ್ನೂ ಮೆತ್ತಗಿರುವಾಗಲೇ ಒಂದಕ್ಕೊಂದನ್ನು ಅರದಿಂದ ಹೊಂದಿಸಿ, ನಂಬರ್ ಹೊಡೆದು, ಆಮೇಲೆ ಗಟ್ಟಿ ಮಾಡ್ತಿದ್ದರು. ನಿಮ್ಮ ಕೈಗೆ ಬಂದಿರೋದು ಆಗಲೇ ಗಟ್ಟಿಯಾದ ಮಾಲು. ಆ ಗಟ್ಟಿತನ ಎಷ್ಟೋ ಸಲ ಮೇಲ್ಪದರದಲ್ಲಷ್ಟೇ ಇರುತ್ತೆ. ಒರಟು ಅಂಚನ್ನು ನುಣ್ಣಗೆ ಉಜ್ಜಬಹುದು; ಪದರ ದಾಟಿ ಅರದಿಂದ ಉಜ್ಜಿದರೆ ಒಳಗಿನ ಮೆತ್ತನೆ ಲೋಹ ಬೇಗ ಸವೆದುಹೋಗುತ್ತೆ. ಹ್ಯಾಂಡ್, ಬೋಲ್ಟು ಸವೆದಿದ್ದರೆ ಹೊಸದು ತಂದು ಹೊಂದಿಸೋದೇ ವಾಸಿ.

ಟ್ರಿಗರಿನ ತುದಿ, ಅದು ಕೂರುವ ಕುದುರೆಯ ಕಚ್ಚು, ಇವೆರಡನ್ನು ನೀವು ಮುಟ್ಟಲೇಬೇಡಿ. ಕುದುರೆಯನ್ನು ಪೂರ್ತಿ ಎಳೆದು, ಟ್ರಿಗರ್ ಮುಟ್ಟದೆ, ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿ ನೋಡಿ. ಜಾರಿದರೆ ಬಂದೂಕು ರಿಪೇರಿಯವರ ಹತ್ತಿರ ಕೊಡಿ. ಖಾಲಿ ಇದೆ ಅಂತ ಸುಮ್ಮನೆ ಟಕಟಕ ಹೊಡೀಲೂಬೇಡಿ, ನಿಪ್ಪಲ್ಲಿನ ತಲೆ ಚಪ್ಪಟೆಯಾಗಿ ಆಮೇಲೆ ಕೇಪೇ ಕೂರೋದಿಲ್ಲ.

ಊರ ಕಡೆ, ನಮ್ಮ ಕೊಡಗಿನಲ್ಲಿ, ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಯನ್ನು ಒರೆಸಿ, ತೋಕ್‌ಪೂ ಅನ್ನೋ ಹೂವಿಟ್ಟು ಪೂಜೆ ಮಾಡ್ತೀವಿ. ಕೋವಿಗೆ ಮರ್ಯಾದೆ ಅಂದರೆ ಹೂವಿಡೋದಷ್ಟೇ ಅಲ್ಲ, ಅದರ ಒಳಗು ತಿಳಿದುಕೊಳ್ಳೋದೂ ಹೌದು. ಈ ವಾರ ಅರ ಡಬ್ಬಿಯಲ್ಲೇ ಇರಲಿ ರಾಯರೇ. ಎಳೆದು, ಕೇಳಿ, ಆರೂ ಮನೆಯ ಲೆಕ್ಕ ಬರೆದಿಡಿ. ಉಜ್ಜಬೇಕಾದದ್ದು ಎಷ್ಟು ಅಂತ ಆ ಚೀಟಿ ನೋಡಿ ತೀರ್ಮಾನ ಮಾಡೋಣ.