ದುಬಲಗುಂಡಿಗೆ ಎಷ್ಟು ನಂಬರಿನ ತಂತಿ?

ಬೇಸ್ ಗಿಟಾರಿಗೆ ತಂತಿ ಆರಿಸುವ ಶಾಸ್ತ್ರ ಬೇಕಾದಷ್ಟು ಬೆಳೆದಿದೆ. 1951ರಲ್ಲಿ ಅಮೆರಿಕದ ಫೆಂಡರ್ ಕಂಪನಿ ಪ್ರೆಸಿಷನ್ ಬೇಸ್ ಎಂಬ ಗಿಟಾರನ್ನು ಮಾರಾಟಕ್ಕೆ ಬಿಟ್ಟ ಮೇಲೆ ಬೆಳೆದದ್ದು ಇದು. 45ರಿಂದ 105ರವರೆಗಿನ ಸೆಟ್ ಮೇಲೋ, 40ರಿಂದ 100ರದು ಮೇಲೋ ಎಂಬ ವಾದದಲ್ಲಿ ಮಾತು ಬಿಟ್ಟ ಗೆಳೆಯರಿದ್ದಾರೆ. (ಇವು ತಂತಿಯ ದಪ್ಪ, ಇಂಚಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ. ವ್ಯತ್ಯಾಸ ಕೂದಲೆಳೆಯಷ್ಟು, ಜಗಳ ಮಾತ್ರ ಪೂರ್ಣ ಪ್ರಮಾಣದ್ದು.) ಆದರೆ ಹುಮನಾಬಾದ್ ಕಡೆಯ ನಮ್ಮ ದುಬಲಗುಂಡಿಯ ಭಜನೆಯ ಏಕತಾರಿಗೆ ಎಷ್ಟು ನಂಬರಿನ ತಂತಿ ಎಂದು ಯಾವ ಪಂಡಿತನೂ ಬರೆದಿಲ್ಲ. ಈ ಕೊರತೆ ನೀಗಿಸಲು ನಾನು ಮುಂದಾಗಿದ್ದೇನೆ. ನನ್ನನ್ನು ಯಾರೂ ಕೇಳಿರಲಿಲ್ಲ ಎಂಬುದು ಬೇರೆ ಮಾತು.

ಮೊದಲು ಮೂಲಸೂತ್ರ. ಫ್ರಾನ್ಸಿನ ಮರ್ಸೆನ್ ಎಂಬ ಪಾದ್ರಿ 1636ರಲ್ಲೇ ಬರೆದಿಟ್ಟಿದ್ದಾನೆ: ಉದ್ದ, ಬಿಗಿ, ಲೋಹ ಅವೇ ಇದ್ದು ದಪ್ಪ ಮಾತ್ರ ಇಮ್ಮಡಿಯಾದರೆ ಶ್ರುತಿ ಒಂದು ಸಪ್ತಕ ಕೆಳಗಿಳಿಯುತ್ತದೆ. ಬೇಸ್ ಗಿಟಾರಿನ ಮಂದ್ರದ ತಂತಿ ಸೆಕೆಂಡಿಗೆ 41 ಸಲ ಅಲುಗಿದರೆ ಸಾಕು. ಅದಕ್ಕೇ ಅದು ಎರಡೂವರೆ ಮಿಲಿಮೀಟರ್ ಮೀರಿ ಉಬ್ಬಿರುತ್ತದೆ. ಅಷ್ಟು ದಪ್ಪದ ಗಟ್ಟಿ ಸರಳು ಸರಿಯಾಗಿ ನುಡಿಯುವುದಿಲ್ಲವೆಂದು ಒಳಗೊಂದು ಸಣ್ಣ ಎಳೆ ಇಟ್ಟು ಮೇಲೆ ಇನ್ನೊಂದು ತಂತಿ ಸುತ್ತುತ್ತಾರೆ. ನಾಲ್ಕೂ ತಂತಿ ಸೇರಿ ಗಿಟಾರಿನ ಕುತ್ತಿಗೆಯನ್ನು ಸುಮಾರು ಮುಕ್ಕಾಲು ಕ್ವಿಂಟಲ್ ಭಾರದಲ್ಲಿ ಜಗ್ಗುತ್ತವೆ. ಈ ಸಂಗತಿ ಏಕತಾರಿಯ ಬಿದಿರಿಗೆ ಗೊತ್ತಾಗದಿದ್ದರೆ ಒಳ್ಳೆಯದು.

ನಮ್ಮ ಪೇಟೆಗಳಲ್ಲಿ ತಂತಿಗೆ ಬ್ರಿಟಿಷರ ಗೇಜ್. 28 ಅಂದರೆ 0.376 ಮಿ.ಮೀ., 30 ಅಂದರೆ 0.315. ನಂಬರು ಏರಿದಷ್ಟೂ ತಂತಿ ಸಣ್ಣ. ಗಿಟಾರಿನವರದು ಇದರ ತಿರುಗುಮುರುಗು. ಆದ್ದರಿಂದ ಅಂಗಡಿಯಲ್ಲಿ ‘ದೊಡ್ಡ ನಂಬರಿಂದು ಕೊಡ್ರಿ’ ಎನ್ನುವ ಮೊದಲು ನೀವು ಯಾವ ಶಾಸ್ತ್ರದವರೆಂದು ತೀರ್ಮಾನಿಸಿಕೊಳ್ಳಿ.

ಕ್ಷೇತ್ರಕಾರ್ಯದ ಭಾಗವಾಗಿ ಏಕತಾರಿ ನುಡಿಸುವ ಹಿರಿಯರೊಬ್ಬರನ್ನು ಕಂಡೆ.

“ಕಾಕಾ, ಎಷ್ಟ್ ನಂಬರಿನ ತಂತಿ ಹಾಕೀರಿ?”

“ನಂಬರ್ ಯಾಕೋ ತಮ್ಮಾ? ಬೈಕಿನ ಕ್ಲಚ್ ವೈರ್ ಹರದಿತ್ತು, ಅದರಾಗಿನ ಒಂದು ಎಳಿ ಬಿಚ್ಚಿ ಹಾಕೀನಿ.”

“ಮತ್ತ ಶ್ರುತಿ?”

“ನೆಗಡಿ ಬಂದ ದಿನ ಬಿರಡಿ ಒಂಚೂರು ಸಡಿಲ ಬಿಡ್ತೀನಿ.”

ಆ ಎಳೆಯನ್ನು ಮೈಕ್ರೊಮೀಟರಿನಲ್ಲಿ ಹಿಡಿದೆ. ಬಿರಡೆಯ ಹತ್ತಿರ ಒಂದು ಲೆಕ್ಕ, ಬುರುಡೆಯ ಹತ್ತಿರ ಇನ್ನೊಂದು. ಕೇಬಲ್ಲಿನಲ್ಲಿದ್ದಾಗಿನ ಸುರುಳಿ ಇನ್ನೂ ಬಿಟ್ಟಿರಲಿಲ್ಲ, ನಡುವೆ ತುಕ್ಕು ಬೇರೆ. ಶಾಸ್ತ್ರದಲ್ಲಿ ಇದಕ್ಕೆ ಜಾಗವಿಲ್ಲದ್ದರಿಂದ ‘27, ತುಕ್ಕು ಸಹಿತ’ ಎಂಬ ಹೊಸ ವರ್ಗ ತೆರೆದಿದ್ದೇನೆ.

ತಂತಿಯ ವಿಷಯದಲ್ಲಿ ಕಾಕಾನಷ್ಟು ಉದಾರಿಗಳಲ್ಲದವರೂ ಇದ್ದಾರೆ. ಹುಮನಾಬಾದಿನ ಮಗ್ಗುಲಲ್ಲೇ ಮಾಣಿಕನಗರವಿದೆ. ಅಲ್ಲಿ ಸಂತ ಮಾಣಿಕಪ್ರಭುಗಳ ಸನ್ನಿಧಿಯಲ್ಲಿ ದತ್ತ ಜಯಂತಿಗೆ ಹಾಡಲು ಬರುವವರು ತಂಬೂರಿಯಲ್ಲಿ ತಂತಿ ಹೊರುವ ಕುದುರೆಯ ಮೇಲೆ ತಂತಿಯಡಿ ನೂಲೆಳೆ ಸರಿಸಿ ಸರಿಸಿ ನಾದದ ಝೇಂಕಾರ ಹುಡುಕುತ್ತಾರೆ. ಆ ಕುದುರೆಯ ಗುಟ್ಟಿನ ಬಗ್ಗೆ ಸಿ.ವಿ. ರಾಮನ್ 1921ರಲ್ಲೇ ಬರೆದರು. ಆದರೆ ಲಗ್ನದ ಸೀಜನ್ನಿನ ಡಿಜೆ ಕುರಿತು ಅವರು ಒಂದಕ್ಷರ ಬರೆದಿಲ್ಲ. ವಿಜ್ಞಾನದಲ್ಲಿ ಇದೊಂದು ದೊಡ್ಡ ತೂತು.

ಡಿಜೆಯ ಮೆರವಣಿಗೆ ಓಣಿಗೆ ತಿರುಗುತ್ತಿದ್ದಂತೆ ಅಡುಗೆಮನೆಯ ಹಲಗೆಯ ಮೇಲಿನ ಸ್ಟೀಲ್ ಡಬ್ಬಿಗಳು ಕುಣಿಯುತ್ತವೆ, ಗೋಡೆಗೆ ತೂಗುಹಾಕಿದ ಏಕತಾರಿ ಯಾರೂ ಮುಟ್ಟದೆ ತಾನೇ ಝುಂಯ್ ಎನ್ನುತ್ತದೆ. ಮೀಟುವ ಬೆರಳಿನ ಶ್ರಮವೂ ಉಳಿಯುತ್ತದೆ. ಹೀಗಾಗಿ ನನ್ನ ಶಿಫಾರಸು: ಶ್ರಾವಣ ಸೋಮವಾರಕ್ಕೆ 28. ಲಗ್ನದ ದಿನಗಳಲ್ಲಿ ಹೊಲದ ಬೇಲಿಯ ತಂತಿಯೂ ನಡೆಯುತ್ತದೆ, ಹೇಗೂ ಕೇಳಿಸುವುದಿಲ್ಲ.

ವರದಿಯನ್ನು ಭಜನೆಯವರಿಗೆ ಒಪ್ಪಿಸಿದ್ದೇನೆ. ಹಾಳೆ ಒಳ್ಳೆ ದಪ್ಪ ಅದ ಎಂದು ಕಾಕಾ ಮೆಚ್ಚಿದರು. ನಾಲ್ಕು ಮಡಿಕೆ ಮಾಡಿ ಕುದುರೆಯ ಕೆಳಗೆ ಒತ್ತಿಟ್ಟರು. ಇದರಿಂದ ತಂತಿ ಬಿಗಿಯಾಗಿ ಶ್ರುತಿ ಚೂರು ಏರಿದೆ. ಈ ಏರಿಕೆಯ ಅಧ್ಯಯನ ಮೊದಲಿನ ಯೋಜನೆಯಲ್ಲಿ ಇರಲಿಲ್ಲವಾದ್ದರಿಂದ ಅದಕ್ಕೆ ಪ್ರತ್ಯೇಕ ಅಂದಾಜುಪಟ್ಟಿ ಕಳಿಸಿದ್ದೇನೆ.