ಸಂಕ್ಷೇಪದ ಅಧಿಕಾರ

ಮೊಬೈಲ್ ಸಂದೇಶಗಳಲ್ಲಿ ಪದಗಳ ಕೈಕಾಲು ಕತ್ತರಿಸಿ ಬರೆಯುವ ಪದ್ಧತಿಯು ಸೋಮಾರಿತನದಿಂದ ಹುಟ್ಟಿತೆಂದು ಹಿರಿಯರೂ, ಪುರುಸೊತ್ತಿಲ್ಲದ್ದರಿಂದ ಹುಟ್ಟಿತೆಂದು ಕಿರಿಯರೂ ವಾದಿಸುವುದುಂಟಾದರೂ, ಅದಕ್ಕೆ ಮೂಲಕಾರಣವಾದದ್ದು ಜಾಗದ ಇಕ್ಕಟ್ಟು. 1992ರ ಡಿಸೆಂಬರ್ 3ರಂದು ಬ್ರಿಟನ್ನಿನಲ್ಲಿ ರವಾನೆಯಾದ ಮೊದಲ ಎಸ್ಸೆಮ್ಮೆಸ್ಸಿನಲ್ಲಿ ಕ್ರಿಸ್‌ಮಸ್ ಶುಭಾಶಯದ ಎರಡು ಪದಗಳು ಯಾವ ಅಂಗಚ್ಛೇದವೂ ಇಲ್ಲದೆ ಇಡಿಯಾಗಿಯೇ ಇದ್ದವು. ಆದರೆ ಒಂದು ಸಂದೇಶಕ್ಕೆ ಮೀಸಲಾದದ್ದು 140 ಬೈಟ್‌ಗಳಷ್ಟೇ ಆದುದರಿಂದ ರೋಮನ್ ಲಿಪಿಗೆ 160 ಅಕ್ಷರಗಳು ದಕ್ಕಿದರೆ, ಒಂದೊಂದು ಚಿಹ್ನೆಗೂ ಎರಡು ಬೈಟ್ ಬೇಡುವ ಕನ್ನಡಕ್ಕೆ 70 ಮಾತ್ರ ಉಳಿದವು. ಅದರಲ್ಲಿಯೂ ಯಂತ್ರವು ವ್ಯಂಜನ, ವಿರಾಮ, ಸ್ವರಚಿಹ್ನೆಗಳನ್ನು ಬಿಡಿಬಿಡಿಯಾಗಿ ಎಣಿಸುವುದರಿಂದ ‘ಶ್ರೀ’ ಎಂಬ ಒಂದಕ್ಷರವೇ ನಾಲ್ಕು ಸ್ಥಾನಗಳನ್ನು ಆಕ್ರಮಿಸುತ್ತಿತ್ತು. ಮರ್ಯಾದೆ ಎಲ್ಲ ಕಾಲದಲ್ಲಿಯೂ ದುಬಾರಿಯೇ.

ಹೀಗೆ ರೋಮನ್ ಲಿಪಿಗೆ ಗುಳೆ ಹೋದ ಕನ್ನಡಿಗರು ಅಲ್ಲಿನ ವಾಡಿಕೆಯಂತೆ ಸ್ವರಗಳನ್ನು ಕೈಬಿಡುವುದನ್ನೂ ಕಲಿತರು. ಕರ್ತೃಪದವನ್ನು ಬೇರೆಯಾಗಿಯೇ ನಿಲ್ಲಿಸುವ ಇಂಗ್ಲಿಷಿಗೆ ಈ ಶಸ್ತ್ರಚಿಕಿತ್ಸೆ ಒಗ್ಗುತ್ತದೆ. ಕನ್ನಡದಲ್ಲಾದರೋ ಬಂದವರು ಯಾರೆಂಬುದನ್ನು ಕ್ರಿಯಾಪದದ ಕೊನೆಯ ಸ್ವರವೇ ಹೇಳಬೇಕು. ಬಿ, ಎನ್, ಡಿ ಎಂಬ ಮೂರು ವ್ಯಂಜನಗಳು ಪರದೆಯ ಮೇಲೆ ಮೂಡಿದಾಗ ಅದು ‘ಬಂದ’ವೋ, ‘ಬಂದೆ’ಯೋ, ‘ಬಂದು’ವೋ, ಅಂದರೆ ಬಂದವನು ಅಳಿಯನೋ, ಸಂದೇಶ ಕಳಿಸಿದವನೋ, ಇಲ್ಲವೇ ಯಾರೋ ಬಂದು ಇನ್ನೇನನ್ನೋ ಮಾಡಬೇಕಾಗಿದೆಯೋ ಎಂಬುದನ್ನು ತಿಳಿಯಲು ಫೋನನ್ನೇ ಮಾಡಬೇಕಾಗುತ್ತದೆ.

ಇದನ್ನು ಕಂಡು ಭಾಷೆ ಕೆಟ್ಟಿತೆಂದು ಮರುಗುವವರ ಮನೆಯ ಲಗ್ನಪತ್ರಿಕೆಯಲ್ಲಿ ವರನು ‘ಚಿ॥ ರಾ॥’ ಆಗಿಯೂ ವಧುವು ‘ಚಿ॥ ಕುಂ॥ ಸೌ॥’ ಆಗಿಯೂ ವಿರಾಜಿಸುತ್ತಾರೆ. ಚಿರಂಜೀವಿತ್ವವನ್ನು ಒಂದೂವರೆ ಅಂಗುಲದಲ್ಲಿ ಮುಗಿಸುವ ಈ ವ್ಯವಸ್ಥೆಗೆ ಯಾವ ಪುರೋಹಿತರೂ ಆಕ್ಷೇಪವೆತ್ತಿದಂತಿಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರನ್ನು ಮೂರಕ್ಷರಕ್ಕಿಳಿಸಿದ ಭಾಷೆಗೆ ಸಂಕ್ಷೇಪವು ಪರಕೀಯವೆನ್ನುವುದೂ ಕಷ್ಟ.

ವಿಚಿತ್ರವೆಂದರೆ, ವಾಟ್ಸ್‌ಆ್ಯಪ್ ಬಂದು, ದಿನ ಬೆಳಗಾದರೆ ಗುಲಾಬಿ, ಸೂರ್ಯ, ಕಾಫಿಲೋಟಗಳ ಸಹಿತ ಶುಭೋದಯ ಕಳಿಸುವಷ್ಟು ಜಾಗ ಧಾರಾಳವಾದ ಮೇಲೆಯೂ ಸಂಕ್ಷೇಪಗಳು ಕಾಲು ಕೀಳಲಿಲ್ಲ. ಇದರ ಕಾರಣವನ್ನು ಅರಸುವವರು ಕಚೇರಿಯನ್ನು ಹೊಕ್ಕು ನೋಡಬೇಕು. ‘ಓಕೆ’ ಎಂಬುದೇ ಎರಡಕ್ಷರವಾಗಿರುವಾಗ ಅದನ್ನೂ ಅರ್ಧಕ್ಕಿಳಿಸಿ ‘ಕೆ’ ಎಂದಷ್ಟೇ ಬರೆಯುವ ಹಕ್ಕು ಮೇಲಧಿಕಾರಿಗೆ ಸೇರಿದ್ದು. ಅದೇ ವಿಷಯಕ್ಕೆ ಕೆಳಗಿನವನು ‘ಖಂಡಿತ ಸರ್, ಈಗಲೇ ನೋಡುತ್ತೇನೆ ಸರ್, ಥ್ಯಾಂಕ್ ಯೂ ಸರ್’ ಎಂದು ಮೂರು ಬಾರಿ ಬಾಗಬೇಕು. ಸಾಧ್ಯವಾದಷ್ಟು ಬೇಗ ಎಂಬರ್ಥದ ‘ಎಎಸ್‌ಎಪಿ’ ನೀರಿನಂತೆ ಮೇಲಿನಿಂದ ಕೆಳಕ್ಕಷ್ಟೇ ಹರಿಯುತ್ತದೆ. ಲಗತ್ತನ್ನು ನೋಡಿರೆಂದು ಕೋರುವ ‘ಪಿಎಫ್‌ಎ’ ಕೆಳಗಿನಿಂದ ಮೇಲಕ್ಕೆ ಏರುತ್ತದೆಯಾದರೂ, ಲಗತ್ತು ಮಾತ್ರ ಕ್ಷಮಾಪಣೆಯೊಡನೆ ಎರಡನೆಯ ಮೇಲ್‌ನಲ್ಲಿ ಹೋಗುವುದೇ ಹೆಚ್ಚು. ‘ಇಒಡಿ’ ಎಂದರೆ ದಿನದ ಕೊನೆ; ಯಾರ ದಿನ ಎಂಬುದನ್ನು ಈ ಸಂಕ್ಷೇಪವು ಜಾಣತನದಿಂದ ಮರೆಮಾಚುವುದರಿಂದ, ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕುಳಿತ ಎಂಜಿನಿಯರನಿಗೆ ಕ್ಯಾಲಿಫೋರ್ನಿಯಾದಲ್ಲಿ ಸೂರ್ಯ ಮುಳುಗುವ ತನಕ, ಅಂದರೆ ಮರುದಿನದ ತಿಂಡಿಯ ಹೊತ್ತಿನ ತನಕ, ಸಂಜೆಯಾಗುವುದಿಲ್ಲ. ನಿಮ್ಮ ಮಾಹಿತಿಗಾಗಿ ಎಂಬ ‘ಎಫ್‌ವೈಐ’ಯಲ್ಲಿ ಮಾಹಿತಿಗಿಂತ ಎಚ್ಚರಿಕೆಯೇ ಹೆಚ್ಚು: ನಾಳೆ ಎಡವಟ್ಟಾದರೆ ಹೇಳಲಿಲ್ಲವೆನ್ನಬೇಡಿ ಎಂಬುದು ಅದರ ತಾತ್ಪರ್ಯ.

ಸಂಕ್ಷೇಪವು ದೊಡ್ಡವರ ಸ್ವತ್ತೆಂಬುದಕ್ಕೆ ಇತಿಹಾಸದ ಆಧಾರವೂ ಉಂಟು. ಅಯ್ಯೋ ದೇವರೇ ಎಂಬರ್ಥದ ‘ಒಎಂಜಿ’ ಹದಿಹರೆಯದವರ ಸೃಷ್ಟಿಯಲ್ಲ. ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಜಾನ್ ಫಿಶರ್ 1917ರಲ್ಲಿ, ತಮ್ಮ ಎಪ್ಪತ್ತಾರನೆಯ ವಯಸ್ಸಿನಲ್ಲಿ, ಹೊಸ ಬಿರುದೊಂದರ ಸುದ್ದಿ ಕೇಳಿ ಚರ್ಚಿಲ್ಲರಿಗೆ ಬರೆದ ಪತ್ರದಲ್ಲಿ ಅದನ್ನು ಬಳಸಿದ್ದಾರೆ. ಓದುವವರಿಗೆ ತಿಳಿಯಲೆಂದು ಪೂರ್ಣರೂಪವನ್ನೂ ಪಕ್ಕದಲ್ಲಿಯೇ ಬರೆದುದರಿಂದ ಉಳಿತಾಯವೇನೂ ಆಗಲಿಲ್ಲವೆಂಬುದು ಬೇರೆ ಮಾತು. ಬ್ರಿಟನ್ನಿನ ಅಂದಿನ ಪ್ರಧಾನಿ ಡೇವಿಡ್ ಕ್ಯಾಮರೂನ್, ಬಿದ್ದುಬಿದ್ದು ನಗುವುದನ್ನು ಸೂಚಿಸುವ ‘ಎಲ್‌ಒಎಲ್’ ಎಂಬುದನ್ನು ಬಹಳ ಪ್ರೀತಿಯಿಂದ ಎಂದು ತಿಳಿದು ಸಂದೇಶಗಳ ಕೊನೆಗೆ ಹಾಕುತ್ತಿದ್ದ ಸಂಗತಿ 2012ರಲ್ಲಿ ವಿಚಾರಣಾ ಆಯೋಗವೊಂದರ ಮುಂದೆ ಬಯಲಾಯಿತು. ಗುಮಾಸ್ತನೊಬ್ಬ ಹೀಗೆ ಮಾಡಿದ್ದರೆ ಅದು ಆಯೋಗದವರೆಗೆ ಹೋಗದೆ ಸಿಬ್ಬಂದಿ ವಿಭಾಗದಲ್ಲಿಯೇ ಇತ್ಯರ್ಥವಾಗುತ್ತಿತ್ತು.

ಆದುದರಿಂದ ಯಾರಿಗೆ ಬಡ್ತಿ ಸಿಗಲಿದೆಯೆಂದು ಅರಿಯಬಯಸುವ ನೌಕರರು ಆದೇಶಕ್ಕಾಗಿ ಕಾಯಬೇಕಾಗಿಲ್ಲ. ಪಕ್ಕದ ಮೇಜಿನವನ ಸಂದೇಶಗಳಲ್ಲಿ ‘ಸರ್’ಗಳು ಒಂದೊಂದಾಗಿ ಉದುರತೊಡಗಿ, ‘ಥ್ಯಾಂಕ್ ಯೂ’ ಹೋಗಿ ‘ಟಿವೈ’ ಆಯಿತೆಂದರೆ, ಅವನ ಕಡತ ಮೇಲಿನ ಮಹಡಿಯನ್ನು ದಾಟಿದೆಯೆಂದೇ ಲೆಕ್ಕ.