ಪಾಳುಭೂಮಿಯ ಹಾಲು

1984ರಲ್ಲಿ ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಕೂಡಿ ಹುಟ್ಟುಹಾಕಿದ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿಗೆ, ಅಂದರೆ ನೆಲ ಊರಿನದಾಗಿ ತಿರುಳು ಕಾರ್ಖಾನೆಯದಾಗುವ ಏರ್ಪಾಡಿಗೆ, ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ನೆಲ ಗೊತ್ತುಪಡಿಸಲಾಗಿತ್ತು. ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಅದರ ಬಗ್ಗೆ ನಡೆಯಬಹುದಾಗಿದ್ದ ಸಂವಾದವಿದು.

“ಅಜ್ಜಾ, ಇದು ಪಾಳುಭೂಮಿ.”

“ಹೌದು ಸಾಹೇಬರೇ, ನಮ್ಮ ದನಗಳು ಪಾಳನ್ನೇ ಮೇಯ್ದು ಹಾಲು ಕೊಡುತ್ತವೆ.”

“ಸರ್ಕಾರದ ನೀತಿಯಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೇನು ಕೆಲಸ?”

“ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಿಗೆ ಹೋದರು, ನಾವು 1987ರ ನವೆಂಬರ್ 14ರಂದು ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ಹೂಡಿ, ನೀಲಗಿರಿ ಕಿತ್ತು, ಊರಿಗೆ ಬೇಕಾದ ಸಸಿ ನೆಟ್ಟೆವು.”

“ಅದು ಕಾನೂನುಭಂಗ!”

“ಅಲ್ಲ, ಆಕ್ಷೇಪಣೆ; ಅದರ ನಮೂನೆ ಸಿಗಲಿಲ್ಲ, ಸಸಿ ಸಿಕ್ಕಿತು.”

1991ರಲ್ಲಿ ಕಂಪನಿಯನ್ನೇ ಮುಚ್ಚುವ ತೀರ್ಮಾನವಾದಾಗ, ಸಾಹೇಬರು ಕಡತದಲ್ಲಿ ‘ಜನರ ಸಹಭಾಗಿತ್ವ ತೃಪ್ತಿಕರ’ ಎಂದು ಷರಾ ಬರೆದರು.